ನೀರು ಬರದ ನಳಕ್ಕೆ ಏಳು ಹಂತದ ಶುದ್ಧಿ

ಕಲಬುರಗಿಯಲ್ಲಿ ಈಗ ಮನೆ ನೋಡಲು ಬಂದವರು ಬಾಡಿಗೆ ಎಷ್ಟು ಅಂತ ಕೇಳುವ ಮೊದಲು ಟಿಡಿಎಸ್ ಎಷ್ಟು ಅಂತ ಕೇಳುತ್ತಾರೆ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ ಲವಣದ ಲೆಕ್ಕ; ಬಿಪಿ, ಶುಗರ್ ಜತೆಗೆ ಹೊಸದಾಗಿ ಸೇರಿಕೊಂಡ ನಂಬರ್ ಇದು. ಗುಡಿ ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು "ನಂದು ಏಳ್ನೂರಾ ಎಂಬತ್ತು ಅದ ನೋಡ್ರಿ" ಅಂದರೆ, ಹೇಳಿದ್ದು ಶುಗರಿನ ಲೆಕ್ಕವೋ ಬೋರಿನ ಲೆಕ್ಕವೋ ತಿಳಿಯದೆ ಪಕ್ಕದವರು ಗಾಬರಿಯಾಗುತ್ತಾರೆ.

"ನಳ ಯಾವಾಗ ಬರ್ತದ?" ಅಂತ ಮಾತ್ರ ಯಾರೂ ಕೇಳುವುದಿಲ್ಲ. ಅದಕ್ಕೆ ತಾರೀಕು ಹಾಕಿ ಉತ್ತರ ಕೊಡುವ ಧೈರ್ಯದ ಮಾಲೀಕ ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ನಡುರಾತ್ರಿ ಬಂದರೂ ಬಂತು. ಆಗ ಓಣಿಗೆ ಓಣಿಯೇ ಎದ್ದು ಮೋಟರು ಹಚ್ಚುತ್ತದೆ. ಬಂದದ್ದು ಭೀಮಾ ಹೊಳೆಯದೋ ಬೆಣ್ಣೆತೊರೆಯದೋ ಯಾರಿಗೆ ಗೊತ್ತು. ಸಾಲದ್ದಕ್ಕೆ ಬೋರಿನದು, ಬೋರು ಕೆಮ್ಮತೊಡಗಿದರೆ ಟ್ಯಾಂಕರಿನದು. ಎಲ್ಲವೂ ಹೋಗಿ ಬೀಳುವುದು ಒಂದೇ ಸಂಪಿಗೆ. ಇಂಥ ಸಂಪಿನ ಮುಂದೆ ನಿಂತು, ಕೊರಳಿಗೆ ಟೈ ಬಿಗಿದ ಫಿಲ್ಟರ್ ಹುಡುಗ ಕೇಳುತ್ತಾನೆ:

"ನಿಮ್ದು ಯಾವ ನೀರ್ರಿ, ಅಕ್ಕಾರ?"

"ಯಾವ್ದು ಬಂದದೋ ಅದೇ ರೀ."

"ಹಂಗಾದ್ರ ನಿಮಗ ಆರ್‌ಓನೇ ಬೇಕ್ರಿ."

ಆರ್‌ಓ ಅಂದರೆ ನೀರನ್ನು ಪೊರೆಯ ಮೂಲಕ ಒತ್ತಿ ಕರಗಿದ ಲವಣವನ್ನೂ ತೆಗೆಯುವ ಯಂತ್ರ. ಹೊಳೆ ನೀರು ಅಂದರೂ ಆರ್‌ಓ, ಬೋರು ಅಂದರೂ ಆರ್‌ಓ, ಮಳೆ ನೀರು ಹಿಡಿದಿಟ್ಟಿದ್ದೇವೆ ಅಂದರೂ ಆರ್‌ಓ. ಕುದಿಸಿ ಕುಡಿಯುತ್ತೇವೆ ಅಂದರೆ ಮಾತ್ರ ಅವನ ಮುಖದ ಮೇಲೆ, ಸತ್ತವರ ಮನೆಗೆ ಬಂದವರ ಕಳೆ ಇಳಿಯುತ್ತದೆ.

ಆಮೇಲೆ ಶುರು ಆಟ. ಎರಡು ಗಾಜಿನ ಲೋಟ. ಒಂದರಲ್ಲಿ ನಿಮ್ಮ ನೀರು, ಇನ್ನೊಂದರಲ್ಲಿ ಅವನು ಬಾಟಲಿಯಲ್ಲಿ ತಂದ ನೀರು. ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆಯುತ್ತಾನೆ. ಅದರ ಕೆಳಗೆ ಕಬ್ಬಿಣದ ಕಡ್ಡಿ, ಅಲ್ಯೂಮಿನಿಯಂ ಕಡ್ಡಿ. ಎರಡೂ ಲೋಟಕ್ಕೆ ಇಳಿಸಿ ಸ್ವಿಚ್ ಒತ್ತಿದ ನಿಮಿಷದೊಳಗೆ ನಿಮ್ಮ ಲೋಟದಲ್ಲಿ ಕಂದು-ಹಸಿರು ರಾಡಿ ಏಳುತ್ತದೆ. ಅವನ ಲೋಟ ಕಣ್ಣೀರಿನಷ್ಟು ತಿಳಿ. "ನೋಡ್ರಿ, ಇದನ್ನೇ ನಿಮ್ಮ ಹುಡುಗ್ರು ದಿನಾ ಕುಡೀಲತ್ತಾರ" ಎಂದು ಅವನು ದನಿ ತಗ್ಗಿಸಿದಾಗ ಮನೆಯವರಿಗೆಲ್ಲ ಹೊಟ್ಟೆ ತೊಳಸಿದಂತಾಗುತ್ತದೆ. ನಮ್ಮ ಓಣಿಯ ಒಂದು ಮನೆಯಲ್ಲಿ ಮಾತ್ರ ಮೂಲೆಯಲ್ಲಿ ಕೂತ ಆಯಿ, "ಏ ತಮ್ಮಾ, ಆ ಕಡ್ಡಿ ತೊಳ್ದಿ ಏನು?" ಅಂದರಂತೆ.

ಆಯಿಗೆ ರಸಾಯನಶಾಸ್ತ್ರ ಗೊತ್ತಿಲ್ಲ, ಆದರೆ ಕಳ್ಳ ಇರುವ ಜಾಗ ಸರಿಯಾಗಿ ಗೊತ್ತಾಗಿದೆ. ನೀರಿನಲ್ಲಿ ಲವಣ ಇದ್ದರೆ ಕರೆಂಟು ಹರಿಯುತ್ತದೆ. ಹರಿದರೆ ಕಬ್ಬಿಣದ ಕಡ್ಡಿ ಸವೆದು ತುಕ್ಕು ಬಿಡುತ್ತದೆ. ಲವಣ ತೆಗೆದ ನೀರಿನಲ್ಲಿ ಕರೆಂಟು ಓಡುವುದಿಲ್ಲ, ಕಡ್ಡಿಯೂ ಸವೆಯುವುದಿಲ್ಲ. ರಾಡಿಯೆಲ್ಲ ಅವನ ಕಡ್ಡಿಯದೇ. ಅವನ ಬಾಟಲಿ ನೀರಿಗೊಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಸ್ವಿಚ್ ಒತ್ತಲು ಹೇಳಿ, ಹುಡುಗನಿಗೆ ಒಮ್ಮೆಲೇ ಬೇರೆ ಕಡೆ ಅರ್ಜೆಂಟ್ ಕೆಲಸ ನೆನಪಾಗುತ್ತದೆ. ಇದು ಹೈಸ್ಕೂಲಿನ ವಿಜ್ಞಾನ. ಈ ಆಟಕ್ಕೆ ಹೆಚ್ಚು ಬೀಳುವವರು ಹೈಸ್ಕೂಲ್ ವಿಜ್ಞಾನ ಮಾಸ್ತರರೇ ಎಂದು ನನಗೆ ಗುಮಾನಿ.

ಇನ್ನು ಆ ಪೆನ್ನಿನಂಥ ಟಿಡಿಎಸ್ ಮೀಟರು. ನೀರಿನಲ್ಲಿ ಕರೆಂಟು ಎಷ್ಟು ಸರಾಗ ಓಡುತ್ತದೆ ಎಂದು ನೋಡಿ, ಕರಗಿದ ಲವಣ ಇಷ್ಟಿರಬಹುದು ಎಂದು ಅಂದಾಜು ಹೇಳುವುದಷ್ಟೇ ಅದರ ಕೆಲಸ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 2000ದವರೆಗೂ ನಡೆಯುತ್ತದೆ. ಹೊಟ್ಟೆ ಕೆಡಿಸುವ ಕ್ರಿಮಿ ಆ ಮೀಟರಿಗೆ ಕಾಣುವುದಿಲ್ಲ. ಗಟಾರದ ಪಕ್ಕ ಒಡೆದ ಪೈಪಿನಿಂದ ಬಂದ ನೀರೂ 300 ತೋರಿಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗುತ್ತದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನ ಕುಡಿದ ನೀರಲ್ಲಿ ಇದ್ದದ್ದು ಆರ್ಸೆನಿಕ್. ಅದರ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ನೂರು, ಐನೂರು ಎಣಿಸುವ ಮೀಟರಿಗೆ ಅದು ಎಲ್ಲಿ ಸಿಕ್ಕೀತು? ಆದರೂ ನಂಬರ್ ಕಡಿಮೆಯಾದಷ್ಟೂ ನಮಗೆ ಖುಷಿ. ಪಕ್ಕದ ಮನೆಯಲ್ಲಿ 60 ಬಂದರೆ ನಮ್ಮಲ್ಲಿ 40 ಬರಬೇಕು.

ಈ ಸೀಮೆಯ ನೀರು ಗಡಸು ಎಂಬುದು ಖರೇ. ಶಹಾಬಾದ್ ಪರಸಿ, ಸೇಡಂ-ವಾಡಿಯ ಸಿಮೆಂಟು, ಎಲ್ಲ ಸುಣ್ಣದಕಲ್ಲಿನ ಮೇಲೆ ಬದುಕುವ ಊರುಗಳು. ಅದೇ ಕಲ್ಲಿನ ಸಂದಿಯಿಂದ ಬೋರಿನ ನೀರು ಬರುತ್ತದೆ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ನಮ್ಮ ತೊಗರಿ ಬ್ಯಾಳಿ ನಮ್ಮದೇ ಬೋರಿನ ನೀರಲ್ಲಿ ಬೇಯುವುದಿಲ್ಲ; ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ ಬ್ಯಾಳಿಯನ್ನು ಗಟ್ಟಿ ಹಿಡಿದಿಟ್ಟುಕೊಳ್ಳುತ್ತವೆ. ಕುಕ್ಕರು ಸೀಟಿ ಹೊಡೆದು ಹೊಡೆದು ಸುಸ್ತಾದರೂ ಒಳಗೆ ಬ್ಯಾಳಿ ಎಣಿಸಬಹುದು. ಅಂಥ ಮನೆಗೆ, ಇಲ್ಲವೇ ಫ್ಲೋರೈಡ್ ಇರುವ ಬೋರಿಗೆ ಆರ್‌ಓ ಬೇಕೇ ಬೇಕು, ಅದಕ್ಕೆ ತಕರಾರಿಲ್ಲ. ಮಳೆಗಾಲದ ಕೆಂಪು ಹೊಳೆ ನೀರಿಗೆ ಬೇಕಾದದ್ದು ರಾಡಿ ಸೋಸಿ ಕ್ರಿಮಿ ಕೊಲ್ಲುವ ಯಂತ್ರ. ರಾಡಿ ಸೋಸುವ ಯುಎಫ್ ಪೊರೆ, ಕ್ರಿಮಿ ಕೊಲ್ಲುವ ಯುವಿ ದೀಪ ಇದ್ದರೆ ಸಾಕು. ಯಾವುದು ಬೇಕೆಂದು ತಿಳಿಯಲು ಒಂದು ಬಾಟಲಿ ನೀರನ್ನು ಲ್ಯಾಬಿಗೆ ಕೊಟ್ಟರೆ ಮುಗಿಯಿತು. ಜಲಜೀವನ್ ಮಿಷನ್ನಿನವರು ಊರೂರಿಗೆ ಪರೀಕ್ಷೆಯ ಕಿಟ್ಟನ್ನೇ ಕೊಟ್ಟಿದ್ದಾರೆ. "ಒಮ್ಮೆ ಟೆಸ್ಟ್ ಮಾಡಿಸ್ರಿ ಕಾಕಾ" ಅಂದರೆ, "ಅದಕ್ಕ ಯಾರು ಅಡ್ಡ್ಯಾಡ್ತಾರೋ ತಮ್ಮಾ" ಎಂದು ಹದಿನೈದು ಸಾವಿರ ಎಣಿಸಿ ಕೊಡುತ್ತಾರೆ.

ಯಂತ್ರದ ಒಳಗಿನ ವ್ಯವಹಾರ ಇನ್ನೂ ಮಜಾ ಇದೆ. ನೀರಿನಲ್ಲಿದ್ದ ಸುಣ್ಣದಕಲ್ಲಿನ ಕ್ಯಾಲ್ಸಿಯಮ್ಮನ್ನು ಒಂದು ಹಂತದಲ್ಲಿ ತೆಗೆದು ಬಚ್ಚಲಿಗೆ ಬಿಡುತ್ತದೆ. ಮುಂದಿನ ಹಂತದಲ್ಲಿ "ಮಿನರಲ್ ಕಾರ್ಟ್ರಿಜ್" ಎಂಬ ಕೊಳವೆ ಒಂದಿಷ್ಟು ಕ್ಯಾಲ್ಸಿಯಮ್ಮನ್ನು ಮತ್ತೆ ಸೇರಿಸುತ್ತದೆ, ಅದಕ್ಕೆ ಬೇರೆ ರೊಕ್ಕ. ಕೊನೆಗೆ ತಾಮ್ರದ ಹಂತ. ಆಯಿಯ ಕಾಲದ ತಾಮ್ರದ ಕೊಡ ತೂಕಕ್ಕೆ ಹಾಕಿ ಸ್ಟೀಲ್ ಡಬ್ಬಿ ತಂದ ಮನೆಯಲ್ಲೇ ಈಗ "ಕಾಪರ್ ಪ್ಲಸ್" ಗೋಡೆಗೆ ಜೋತುಬಿದ್ದಿದೆ.

ಮನೆಯ ಆರ್‌ಓ ಸಾಮಾನ್ಯವಾಗಿ ಒಂದು ಲೀಟರ್ ಕುಡಿಸಲು ಮೂರು ಲೀಟರ್ ಚೆಲ್ಲುತ್ತದೆ. ಏಪ್ರಿಲ್ ಬಿಸಿಲಲ್ಲಿ, ಟ್ಯಾಂಕರಿನವನಿಗೆ ಕಾಕಾ-ಮಾಮಾ ಅಂತ ಅಂಗಲಾಚಿ, ರೊಕ್ಕ ಕೊಟ್ಟು ಹಾಕಿಸಿಕೊಂಡ ನೀರು ಸಣ್ಣ ಬಿಳಿ ಪೈಪಿನಿಂದ ದಿನವಿಡೀ ಗಟಾರಕ್ಕೆ ತೊಟ್ಟಿಕ್ಕುತ್ತದೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ನಿಷೇಧಿಸಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಆ ಸುದ್ದಿ ನಮ್ಮ ಓಣಿಗೆ ನಳದ ನೀರಿನ ಹಾಗೆಯೇ ಬರುತ್ತಿರಬೇಕು, ಇನ್ನೂ ತಲುಪಿಲ್ಲ.

ಹಳ್ಳಿಯ ಕಡೆ ಹೋದರೆ ಈ ನಾಟಕ ಸರಕಾರಿ ಖರ್ಚಿನಲ್ಲಿ ನಡೆಯುತ್ತದೆ. ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕ, ಗೋಡೆ ತುಂಬ ನಾಯಕರ ಫೋಟೋ, ರಿಬ್ಬನ್ನು, ಶಾಲು, ಭಾಷಣ. ಗಡಸು ನೀರಿಗೆ ಒಳಗಿನ ಪೊರೆ ಸುಣ್ಣ ಕಟ್ಟುತ್ತದೆ, ಬದಲಿಸಬೇಕು. ಬದಲಿಸುವುದಕ್ಕೆ ರಿಬ್ಬನ್ ಇಲ್ಲವಲ್ಲ, ಹಾಗಾಗಿ ಎಷ್ಟೋ ಕಡೆ ಬಾಗಿಲಿಗೆ ಬೀಗ. ಫೋಟೋಗಳು ಮಾತ್ರ ಚುನಾವಣೆಗೊಮ್ಮೆ ಬದಲಾಗುತ್ತವೆ.

ಬೀದರಿನ ನೌಬಾದಿನಲ್ಲಿ ನೆಲದಡಿ ಸುರಂಗ ತೋಡಿ, ಗಾಳಿಗೆ ನಡುನಡುವೆ ಬಾವಿ ಬಿಟ್ಟು, ಬರೀ ಇಳಿಜಾರಿನ ಮೇಲೆ ನೀರು ಹರಿಸಿದ ಕರೇಜ್ ಇದೆ. ಬಹಮನಿಗಳ ಕಾಲದ್ದು, 15ನೇ ಶತಮಾನ. ಸುಲ್ತಾನ ಮನೆಮನೆಗೆ ಹೋಗಿ "ನಿಮ್ಮ ನೀರು ನೀವೇ ನೋಡ್ಕೊಳ್ರಿ" ಅಂದಿರಲಿಲ್ಲ. ನಮ್ಮ ಕಾಲದಲ್ಲಿ ಅದೂ ಆಯಿತು. ನೀರು ಕೂಡಿಡುವ ಸಂಪು ನಮ್ಮದು, ಎತ್ತುವ ಮೋಟರು ನಮ್ಮದು, ಮಾಳಿಗೆಯ ಟ್ಯಾಂಕು, ಅಡುಗೆಮನೆಯ ಶುದ್ಧೀಕರಣ ಘಟಕ, ಜೇಬಿನಲ್ಲಿ ಮೀಟರು, ವರ್ಷಕ್ಕೊಮ್ಮೆ ಎಎಂಸಿ ಎಂಬ ರಿಪೇರಿ ಕರಾರು ಎಲ್ಲ ನಮ್ಮದೇ. ನೀರಿನ ಕರ ವಸೂಲಿ ಮಾಡುವುದೊಂದು ಆಳುವವರ ಕಡೆ ಉಳಿದಿದೆ. ಆ ಬಿಲ್ಲು ಮಾತ್ರ ನಳದ ಹಾಗೆ ತಪ್ಪಿಸಿಕೊಳ್ಳುವುದಿಲ್ಲ, ಹಗಲು ಹೊತ್ತಿನಲ್ಲೇ ಬರುತ್ತದೆ.