ನಕ್ಷೆ ಉಚಿತವಂತೆ!

"ಎಲ್ಲವೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದಲ್ಲ ಮೇಷ್ಟ್ರೇ, ಇಳಿಸಿಕೊಂಡು ಪಾಠ ಮಾಡುವುದಕ್ಕೇನು ಕಷ್ಟ?" ಎಂದು ಸಭೆಯಲ್ಲಿ ಕೇಳಿದ ಅಧಿಕಾರಿಯವರಿಗೆ ಅಲ್ಲಿಯೇ ಉತ್ತರ ಕೊಡುವ ಧೈರ್ಯ ನನಗಿರಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಾನು ಕೋಲಾರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಅವರ ಊರಿನ ಕೆರೆ, ತೂಬು, ಕೋಡಿ, ಅಚ್ಚುಕಟ್ಟುಗಳನ್ನು ನಕ್ಷೆಯ ಮೇಲೆ ತೋರಿಸಬೇಕೆಂಬ ಒಂದೇ ಒಂದು ಆಸೆಗೆ ಮೂರು ವಾರಗಳ ರಾತ್ರಿಗಳನ್ನು ತೆತ್ತಿದ್ದೇನೆ.

ಮೊದಲು ಸಿಕ್ಕದ್ದು ಜಿಲ್ಲೆಗಳ ಗಡಿರೇಖೆಯ ಒಂದು ಕಡತ. ತೆರೆದು ನೋಡಿದರೆ ಕೋಲಾರ ಜಿಲ್ಲೆ ಗೌರಿಬಿದನೂರು, ಬಾಗೇಪಲ್ಲಿಗಳವರೆಗೂ ಹಬ್ಬಿಕೊಂಡು ಕುಳಿತಿತ್ತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ನನ್ನ ತರಗತಿಯ ಒಂದು ಮಗುವೂ ಆಗ ಹುಟ್ಟಿರಲಿಲ್ಲ. ನಮ್ಮ ಶಾಲೆಯ ಗೋಡೆಗೆ ತೂಗುಹಾಕಿರುವ ಬಟ್ಟೆಯ ನಕ್ಷೆಯಲ್ಲೂ ಇದೇ ತಪ್ಪಿದೆ, ಆದರೆ ಅದರ ಅಂಚು ಹರಿದು ಬಣ್ಣ ಮಾಸಿರುವುದರಿಂದ ಅದು ಹಳೆಯದೆಂದು ಯಾರಿಗಾದರೂ ಗೊತ್ತಾಗುತ್ತದೆ. ಕಂಪ್ಯೂಟರಿನ ಕಡತಕ್ಕೆ ಬಣ್ಣವೂ ಮಾಸುವುದಿಲ್ಲ, ಅದು ಯಾವ ವರ್ಷದ ಗಡಿಯೆಂದು ತಿಳಿಸುವ ಒಂದು ಸಾಲೂ ಅದರೊಳಗೆ ಇರಲಿಲ್ಲ.

ಇನ್ನೊಂದು ಕಡೆ ಸಿಕ್ಕ ಕಡತದಲ್ಲಿ ಗಡಿ ಸರಿಯಾಗಿತ್ತು. ಪೆನ್‌ಡ್ರೈವಿಗೆ ಹಾಕಿಕೊಂಡು ಶಾಲೆಗೆ ಹೋದರೆ ಅದು ತೆರೆಯಲೇ ಇಲ್ಲ. ಇಂಥ ನಕ್ಷೆಯ ಕಡತಕ್ಕೆ ಶೇಪ್‌ಫೈಲ್ ಎನ್ನುತ್ತಾರೆ, ಆದರೆ ಅದು ಹೆಸರಿಗೆ ಮಾತ್ರ ಒಂದು. ನಿಜದಲ್ಲಿ ಅದು ಒಂದೇ ಹೆಸರಿನ ನಾಲ್ಕೈದು ಕಡತಗಳ ಕೂಡುಕುಟುಂಬ. ಆಕಾರ ಒಂದರಲ್ಲಿ, ಊರುಗಳ ಹೆಸರಿನ ಪಟ್ಟಿ ಇನ್ನೊಂದರಲ್ಲಿ, ಸೂಚಿ ಮತ್ತೊಂದರಲ್ಲಿ, ಯಾವ ಅಳತೆಯ ಚೌಕಟ್ಟು ಎಂಬುದು ಮಗದೊಂದರಲ್ಲಿ. ಒಂದನ್ನು ಬಿಟ್ಟು ಬಂದರೂ ಕೆಲಸ ಕೆಟ್ಟಿತು. ದೊಡ್ಡದಾಗಿ ಕಂಡ ಒಂದನ್ನೇ ನಕಲು ಮಾಡಿಕೊಂಡು ಹೋದ ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಇದನ್ನು ಹೇಳಿಕೊಡಬೇಕಾಗಿದ್ದ ತರಬೇತಿಯಲ್ಲಿ ಎರಡು ದಿನ ಸ್ಲೈಡುಗಳಿಗೆ ಬಣ್ಣ ಹಚ್ಚುವುದನ್ನು ಕಲಿಸಿ, ಊಟ ಹಾಕಿ, ಹಾಜರಾತಿ ಪತ್ರ ಕೊಟ್ಟು ಕಳುಹಿಸಿದ್ದರು.

ಮರುದಿನ ಇಡೀ ಕುಟುಂಬವನ್ನು ಒಯ್ದು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದೆ. ಊರಿನ ಹೆಸರುಗಳಿರಬೇಕಾದಲ್ಲಿ ತಲೆಯ ಮೇಲೆ ಚುಕ್ಕಿ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟಿ ನಿಂತಿದ್ದವು. ಯಾರೋ ಪುಣ್ಯಾತ್ಮರು ಹೆಸರುಗಳನ್ನೆಲ್ಲ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಬೆರಳಚ್ಚು ಮಾಡಿ, ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡಿಗೆ ಬದಲಾಯಿಸುವ ಗೋಜಿಗೆ ಹೋಗದೆ ಹಾಗೆಯೇ ಏರಿಸಿಬಿಟ್ಟಿದ್ದರು. ಪಕ್ಕದ ಕಾಲಂನಲ್ಲಿ ಇಂಗ್ಲಿಷ್ ಹೆಸರುಗಳೇನೋ ಇದ್ದವು, ಆದರೆ ಅಲ್ಲಿ ಲ–ಳ, ನ–ಣ ಎಲ್ಲವೂ ಒಂದೇ. ಕನ್ನಡ ಮಾಧ್ಯಮದ ಮಕ್ಕಳು ತಾವು ಹುಟ್ಟಿದ ಊರಿನ ಹೆಸರನ್ನೇ ತಡವರಿಸುತ್ತ ಓದಬೇಕಾಯಿತು.

ಆಮೇಲೆ ಮಕ್ಕಳೇ ನನ್ನ ಫೋನ್ ಹಿಡಿದುಕೊಂಡು ಏರಿಯ ಮೇಲೆ ನಡೆದು, ತೂಬು ಮತ್ತು ಕೋಡಿಯ ಅಕ್ಷಾಂಶ, ರೇಖಾಂಶಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದರು. ತಂತ್ರಾಂಶ ಮೊದಲು ಎಕ್ಸ್ ಕೇಳುತ್ತದೆ, ಎಂದರೆ ರೇಖಾಂಶ. ಪಾಠದಲ್ಲಿ ನಾವು ಯಾವಾಗಲೂ ಅಕ್ಷಾಂಶವನ್ನೇ ಮೊದಲು ಹೇಳುತ್ತೇವೆ. ಹೀಗಾಗಿ 13 ಡಿಗ್ರಿ ಉತ್ತರ, 78 ಡಿಗ್ರಿ ಪೂರ್ವದಲ್ಲಿರಬೇಕಾದ ನಮ್ಮ ಕೋಡಿ ಅದಲುಬದಲಾಗಿ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರ ಹೋಗಿ ಬಿದ್ದಿತು. "ಸಾರ್, ನಮ್ ಕೋಡಿ ಐಸಲ್ಲಿ ಐತೆ!" ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೂಗಿದಾಗ ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅಕ್ಷಾಂಶ, ರೇಖಾಂಶಗಳ ಬಗ್ಗೆ ಈ ವರ್ಷ ನಾನು ಮಾಡಿದ ಅತ್ಯುತ್ತಮ ಪಾಠ ಬಹುಶಃ ಅದೇ. ಸರಿಪಡಿಸುವಷ್ಟರಲ್ಲಿ ಕರೆಂಟು ಹೋಯಿತು, ಅದರ ಹಿಂದೆಯೇ ಪಿರಿಯಡ್ಡೂ ಮುಗಿಯಿತು.

ಒಳ್ಳೆಯ ಸಾಮಗ್ರಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದೆ ಎನ್ನುವುದೇ ನನ್ನ ಸಿಟ್ಟಿಗೆ ಕಾರಣ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಸಂಖ್ಯಾಕ್ರಮದಲ್ಲಿ ಕೋಲಾರ ಪಟ್ಟಣ ಬರುವ ಹಾಳೆ 57 ಕೆ/4. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಅಳತೆಯ ಅಂಥ ಹಾಳೆಯಲ್ಲಿ ಕೆರೆಯ ಏರಿಯನ್ನು ಬೆರಳಿಟ್ಟು ತೋರಿಸಬಹುದು. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಅಂತರ್ಜಾಲದ ನಕ್ಷೆಯಲ್ಲಿ ಹೆಸರಿಲ್ಲದೆ ನೀಲಿ ಗೆರೆಯಾಗಿದ್ದ ನಮ್ಮ ಕೆರೆಗೆ ನಾನೇ ಕನ್ನಡದಲ್ಲಿ ಹೆಸರು ಬರೆದೆ, ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಯೂರೋಪಿನ ಸೆಂಟಿನೆಲ್ ಉಪಗ್ರಹಗಳು ಹತ್ತು ಮೀಟರಿಗೊಂದು ಚುಕ್ಕಿಯಂತೆ ತೆಗೆದ ಚಿತ್ರಗಳನ್ನು ಯಾರು ಬೇಕಾದರೂ ನೋಡಬಹುದು, ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು 2018ರಲ್ಲಿ ನಮ್ಮ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬರುವ ಮೊದಲಿನ ಚಿತ್ರವನ್ನೂ ನಂತರದ ಚಿತ್ರವನ್ನೂ ಅಕ್ಕಪಕ್ಕ ಇಟ್ಟರೆ ಅದಕ್ಕಿಂತ ದೊಡ್ಡ ಪಾಠ ಬೇಕೆ? ಕೇಂದ್ರ ಸರ್ಕಾರವೂ 2021ರ ಫೆಬ್ರವರಿಯಲ್ಲಿ ನಕ್ಷೆಯ ದತ್ತಾಂಶದ ಮೇಲಿದ್ದ ಪರವಾನಗಿಗಳ ಕಟ್ಟನ್ನು ಬಿಚ್ಚಿತು. ಇಷ್ಟೆಲ್ಲ ಇರುವಾಗ, ತಾಲ್ಲೂಕಿಗೊಂದರಂತೆ, ಗಡಿ, ಊರು, ಕೆರೆ, ರಸ್ತೆಗಳನ್ನು ಯೂನಿಕೋಡ್ ಕನ್ನಡದ ಹೆಸರುಗಳೊಡನೆ ಜೋಡಿಸಿ, ಯಾವ ವರ್ಷದ್ದೆಂದು ಮೇಲೆ ಬರೆದು, ಒಂದು ಕಟ್ಟು ಮಾಡಿ ಶಾಲೆಗಳಿಗೆ ಕಳುಹಿಸಲು ಯಾರಿಗೂ ಕೈ ಬಾರದಿದ್ದರೆ, ಊರೂರಿನ ಮೇಷ್ಟ್ರುಗಳೆಲ್ಲ ನಡುರಾತ್ರಿಯಲ್ಲಿ ಇದೇ ತಪ್ಪುಗಳನ್ನು ಒಂದೊಂದಾಗಿ ಮತ್ತೆ ಮಾಡುತ್ತ ಕೂರಬೇಕೆ?

ಇಷ್ಟಾದ ಮೇಲೆ ವರದಿ ಕೇಳಿದರು. "ಬಳಸಿದ ಡಿಜಿಟಲ್ ನಕ್ಷೆಗಳ ಸಂಖ್ಯೆ" ಎಂಬ ಕಾಲಂ ಇತ್ತು, "ತೊಂದರೆಗಳು" ಎಂಬ ಕಾಲಂ ಇರಲಿಲ್ಲ. ಬೋರ್ಡಿನ ಪಕ್ಕ ನಿಂತು ಪಾಠ ಮಾಡುತ್ತಿರುವ ನನ್ನ ಫೋಟೊವನ್ನೂ ಸೇರಿಸಿ ಕಳುಹಿಸಿದೆ. ಅದು ಎರಡೇ ದಿನದಲ್ಲಿ ವಾಪಸು ಬಂತು: ಫೋಟೊದ ಕೆಳಗೆ ಅಕ್ಷಾಂಶ, ರೇಖಾಂಶ ಮುದ್ರೆಯಾಗಿಲ್ಲವಾದ್ದರಿಂದ ಸ್ವೀಕರಿಸಲಾಗದಂತೆ.