ಹಾಜರಾತಿ ಕಡ್ಡಾಯ ಸರಿ, ಅದರ ಹೊಣೆ ಯಾರದು?

"ನನ್ನ ಮಕ್ಕಳು ಸರ್ಕಾರಿ ಶಾಲೆಗೆ ಹೋಗೋದಿಲ್ಲ, ನನ್ನ ತೆರಿಗೆ ಯಾಕೆ ಅಲ್ಲಿಗೆ ಹೋಗ್ಬೇಕು?" ಸಂಬಳದಲ್ಲೇ ತೆರಿಗೆ ಮುರಿದುಹೋಗುವ ಸ್ನೇಹಿತರಿಂದ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಇಷ್ಟೆಲ್ಲ ಪುಕ್ಕಟೆ ಕೊಟ್ಟರೂ ಮಕ್ಕಳನ್ನ ಕಳಿಸದ ಅಪ್ಪ-ಅಮ್ಮನಿಗೆ ದಂಡ ಹಾಕ್ಬೇಕು." ಎರಡನ್ನೂ ನಾನು ಒಪ್ಪುವುದಿಲ್ಲ.

ಆದಾಯ ತೆರಿಗೆ ಕಟ್ಟುವವರು ಮಾತ್ರ ತೆರಿಗೆದಾರರು ಅಂದುಕೊಳ್ಳುವುದೇ ತಪ್ಪು. ಯಾದಗಿರಿಯಿಂದ ಬಂದು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ ಕುಟುಂಬ ಸೋಪು ಕೊಂಡರೂ ಮೊಬೈಲ್ ರೀಚಾರ್ಜ್ ಮಾಡಿಸಿದರೂ ಜಿಎಸ್‌ಟಿ ಕೊಡುತ್ತದೆ. ಶಾಲೆ ನಡೆಯುವುದು ಅವರ ದುಡ್ಡಿನಲ್ಲೂ. ಸಂಬಳದಾರರಿಗೆ ಸಿಟ್ಟು ಬರಬೇಕಾದ ಜಾಗ ಬೇರೆ ಇದೆ. 2004ರಲ್ಲಿ ತೆರಿಗೆಯ ಮೇಲೆ ಶೇ 2ರ ಶಿಕ್ಷಣ ಸೆಸ್, ಅಂದರೆ ಶಿಕ್ಷಣಕ್ಕೆಂದೇ ವಸೂಲಿ ಮಾಡುವ ಹೆಚ್ಚುವರಿ ಕರ, ಬಂತು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣದ ಹೆಸರಲ್ಲಿ ಇನ್ನೊಂದು ಶೇ 1. 2018ರಿಂದ ಆರೋಗ್ಯವನ್ನೂ ಸೇರಿಸಿ ಶೇ 4. ಆ 2007ರ ಸೆಸ್‌ಗೆ ಪ್ರತ್ಯೇಕ ನಿಧಿ ಮಾಡಲು ಕೇಂದ್ರ ಸಂಪುಟ ಒಪ್ಪಿದ್ದು 2017ರಲ್ಲಿ. ಸೆಸ್ ಹಣದಲ್ಲಿ ರಾಜ್ಯಗಳಿಗೆ ತೆರಿಗೆ ಪಾಲೂ ಸಿಗುವುದಿಲ್ಲ. ಶಾಲೆಗೆ ಅಂತ ಹೇಳಿ ತಗೊಂಡ ದುಡ್ಡು ಶಾಲೆಗೇ ಹೋಯಿತೇ ಎಂದು ಕೇಳೋಣ, ಆ ಪ್ರಶ್ನೆಗೆ ನಾನೂ ದನಿಗೂಡಿಸುತ್ತೇನೆ.

ಈ ಜಗಳ ಹೊಸದೇನಲ್ಲ. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಮಸೂದೆ ತಂದಾಗ ಸ್ಥಳೀಯ ಸಂಸ್ಥೆಗಳು ಅದಕ್ಕಾಗಿ ಕರ ಹಾಕಬಹುದು ಎಂಬ ಅಂಶವೂ ಅದರಲ್ಲಿತ್ತು. 1912ರಲ್ಲಿ ಅದು 38–13 ಮತಗಳಿಂದ ಬಿದ್ದುಹೋಯಿತು. ವಿರೋಧಿಸಿದವರು ಬ್ರಿಟಿಷ್ ಅಧಿಕಾರಿಗಳಷ್ಟೇ ಅಲ್ಲ, ಜಮೀನ್ದಾರರೂ ಇದ್ದರು. ಅಷ್ಟರಲ್ಲಿ ಬರೋಡಾದ ಸಯಾಜಿರಾವ್ ಮಹಾರಾಜರು 1906ರಲ್ಲೇ ತಮ್ಮ ಇಡೀ ಸಂಸ್ಥಾನದಲ್ಲಿ ಕಡ್ಡಾಯ ಶಿಕ್ಷಣ ಜಾರಿ ಮಾಡಿಯಾಗಿತ್ತು. ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಕಾಯ್ದೆ ಬಂತು. ಬಡವರ ಮಕ್ಕಳು ಓದಿಗೆ ಹೋದರೆ ಹೊಲಕ್ಕೆ ಯಾರು ಬರುತ್ತಾರೆ ಎನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಅದಕ್ಕೇ ನನಗೆ ಕಡ್ಡಾಯ ಬೇಕು. ಎಂಟು ವರ್ಷದ ಮಗುವಿನ ಮಾತು ಮನೆಯಲ್ಲೂ ನಡೆಯುವುದಿಲ್ಲ, ಗೌಡರ ಮುಂದೆಯೂ ನಡೆಯುವುದಿಲ್ಲ. ಅದರ ಪರವಾಗಿ ಕಾನೂನಾದರೂ ಮಾತಾಡಬೇಕು.

ಆದರೆ ಕಾನೂನು ಯಾರನ್ನು ಹಿಡಿದು ಕೇಳುತ್ತದೆ? 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 8ನೇ ಸೆಕ್ಷನ್ ಓದಿ. ಆರರಿಂದ ಹದಿನಾಲ್ಕು ವರ್ಷದ ಮಗುವಿನ ದಾಖಲಾತಿ, ಹಾಜರಾತಿ, ಎಂಟನೇ ಕ್ಲಾಸು ಮುಗಿಸುವುದು, ಈ ಮೂರನ್ನೂ ಖಾತ್ರಿಪಡಿಸುವುದು ಸರ್ಕಾರದ ಹೊಣೆ. ತಂದೆ-ತಾಯಿ ಮಕ್ಕಳನ್ನು ಸೇರಿಸಬೇಕು ಎಂದು 10ನೇ ಸೆಕ್ಷನ್ ಹೇಳುತ್ತದೆ, ಆದರೆ ಈ ಕಾಯ್ದೆಯಲ್ಲಿ ಅವರಿಗೆ ಶಿಕ್ಷೆ ಇಟ್ಟಿಲ್ಲ. ಇದನ್ನು ಕೆಲವರು ಕಾಯ್ದೆಯ ದೌರ್ಬಲ್ಯ ಅನ್ನುತ್ತಾರೆ. ನನಗೆ ಇದೇ ಅದರ ಜೀವ ಅನ್ನಿಸುತ್ತದೆ.

ನಮ್ಮ ಕಡೆಯ ಗುಳೆಯನ್ನೇ ತಗೊಳ್ಳಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆ ಹತ್ತಿ ಬಿಡಿಸುವ ಕಾಲಕ್ಕೆ ಕ್ಲಾಸುಗಳು ತೆಳುವಾಗುತ್ತವೆ. ಸುಗ್ಗಿ ಮುಗಿದ ಮೇಲೆ ಬೀಗ ಹಾಕಿದ ಮನೆಗಳು ಹೆಚ್ಚುತ್ತವೆ, ಬೆಂಗಳೂರಿಗೋ ಮುಂಬೈಗೋ ಪುಣೆಗೋ ಸಂಸಾರ ಸಮೇತ ಹೊರಟಿರುತ್ತಾರೆ. ಮಗುವನ್ನು ಅಜ್ಜಿಯ ಹತ್ತಿರ ಬಿಡಬೇಕೆಂದರೆ ಅಜ್ಜಿಗೇ ಕೈಲಾಗಿರುವುದಿಲ್ಲ. ಹತ್ತು ವರ್ಷದ ಹುಡುಗಿ ಕಟ್ಟಡದ ಹತ್ತಿರದ ಶೆಡ್ಡಿನಲ್ಲಿ ತಮ್ಮನನ್ನು ಎತ್ತಿಕೊಂಡು ಕೂತಿರುತ್ತಾಳೆ. ಈ ತಾಯಿಗೆ ಐನೂರು ರೂಪಾಯಿ ದಂಡ ಹಾಕಿದರೆ ಆ ದುಡ್ಡು ಅದೇ ಹುಡುಗಿಯ ಊಟದಿಂದ ಹೋಗುತ್ತದೆ. ವಲಸೆ ಬಂದವರ ಮಕ್ಕಳ ದಾಖಲಾತಿ ನೋಡಿಕೊಳ್ಳಬೇಕಾದದ್ದು ಸ್ಥಳೀಯ ಸಂಸ್ಥೆ ಎಂದು 9ನೇ ಸೆಕ್ಷನ್ ಸ್ಪಷ್ಟವಾಗಿ ಹೇಳಿದೆ. ಟಿಸಿ ತಡವಾಯಿತು ಅಂತ ಹೊಸ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ ಎನ್ನುವುದು 5ನೇ ಸೆಕ್ಷನ್. ನೂರಾರು ಫ್ಲ್ಯಾಟು ಕಟ್ಟಲು ಅನುಮತಿ ಕೊಡುವ ಪಾಲಿಕೆಗೆ, ಅವನ್ನು ಕಟ್ಟುವವರ ಮಕ್ಕಳು ಎಷ್ಟಿದ್ದಾರೆ, ಯಾವ ಶಾಲೆಯಲ್ಲಿದ್ದಾರೆ ಎಂದು ನಾವು ಕೇಳಿದ್ದೇವೆಯೇ?

ಮಕ್ಕಳನ್ನು ಶಾಲೆಯಲ್ಲಿ ಉಳಿಸಿದ್ದು ಬೆದರಿಕೆಯಲ್ಲ, ಬಿಸಿಯೂಟ. ಸುಪ್ರೀಂ ಕೋರ್ಟ್ 2001ರಲ್ಲಿ ಬೇಯಿಸಿದ ಊಟವನ್ನೇ ಕೊಡಿ ಎಂದಿತು, ನಮ್ಮಲ್ಲಿ ಅಕ್ಷರ ದಾಸೋಹ ಶುರುವಾಯಿತು. ತೆರಿಗೆ ದುಡ್ಡು ತಟ್ಟೆಗೆ ಬಂದಾಗ ಹಾಜರಾತಿ ಪುಸ್ತಕ ತಾನಾಗಿ ತುಂಬುತ್ತದೆ ಎನ್ನುವುದನ್ನು ಯಾವ ಹೆಡ್‌ಮಾಸ್ತರನ್ನು ಬೇಕಾದರೂ ಕೇಳಿ.

ಇನ್ನೊಂದು ಮಾತು, ಕೆಲವರಿಗೆ ಬೇಸರವಾಗಬಹುದು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಇದೇ ಕಾಯ್ದೆಯಡಿ ಬಡ ಮಕ್ಕಳಿಗೆ ಸರ್ಕಾರದ ಖರ್ಚಿನಲ್ಲಿ ಸಿಗುತ್ತಿದ್ದ ಖಾಸಗಿ ಶಾಲೆಯ ಶೇ 25ರ ಸೀಟು ಇಲ್ಲ ಎಂದು 2019ರಲ್ಲಿ ರಾಜ್ಯ ನಿಯಮ ಬದಲಿಸಿತು. ತೆರಿಗೆ ಹಣ ಖಾಸಗಿಯವರಿಗೆ ಯಾಕೆ ಹೋಗಬೇಕು ಎನ್ನುವ ವಾದ ನನಗೂ ಸರಿ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೆ ಬಡವರಿಗಿದ್ದ ಆ ಬಾಗಿಲು ಮುಚ್ಚಿದ ಮೇಲೆ ಪಕ್ಕದ ಸರ್ಕಾರಿ ಶಾಲೆಗೆ ಪೂರ್ತಿ ಮೇಷ್ಟ್ರನ್ನು ಕೊಡಲೇಬೇಕು. ಒಬ್ಬರೇ ಟೀಚರು ಐದು ಕ್ಲಾಸು ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಗಣತಿ ಮಾಡಿ, ಅತಿಥಿ ಶಿಕ್ಷಕರು ಸಂಬಳಕ್ಕೆ ತಿಂಗಳುಗಟ್ಟಲೆ ಕಾಯುವ ಕಡೆ ಮಗು ಯಾವ ಆಸೆಗೆ ದಿನಾ ಬರಬೇಕು?

ಗುಳೆ ಹೋಗುವ ಊರುಗಳು ಯಾವುವು, ಯಾವ ತಿಂಗಳು ಹೋಗುತ್ತಾರೆ ಎನ್ನುವುದು ಊರಿನ ಎಸ್‌ಡಿಎಂಸಿಗೂ (ಶಾಲಾಭಿವೃದ್ಧಿ ಸಮಿತಿ) ಪಂಚಾಯಿತಿಗೂ ಮೊದಲೇ ಗೊತ್ತಿರುತ್ತದೆ. ಜನ ಹೊರಡುವ ಮುನ್ನವೇ ಆ ಊರುಗಳಲ್ಲಿ ಋತುಮಾನದ ಹಾಸ್ಟೆಲ್ ತೆರೆಯಲಿ, ಹೋಗಿ ಇಳಿಯುವ ಕಡೆ ಟೆಂಟ್ ಶಾಲೆ ತಯಾರಿರಲಿ, ಅದಕ್ಕೆ ಬೇಕಾದ ಹಣ ಬಜೆಟ್‌ನಲ್ಲೇ ಬೇರೆಯಾಗಿ ಕಾಣಲಿ. ಇಷ್ಟು ಮಾಡಿದ ಮೇಲೂ ಯಾರಾದರೂ ಮಗುವನ್ನು ಕೂಲಿಗೇ ಕಳಿಸಿದರೆ ಆಗ ದಂಡದ ವಿಷಯ ಮಾತಾಡೋಣ.