ವಲ್ನರರಿಯೂ ಗಾಯದ ಸೊಪ್ಪೂ

ಇಂಗ್ಲಿಷಿನಲ್ಲಿ ‘ವಲ್ನರರಿ’ ಅಂತ ಒಂದು ಪದ ಇದೆ. ಗಾಯ ಮಾಯಿಸುವಂಥದ್ದು ಎಂದು ಅರ್ಥ. ಯಾರ ಬಾಯಲ್ಲೂ ಇದನ್ನು ಕೇಳಿದ ನೆನಪಿಲ್ಲ. ಇದರ ಅಣ್ಣ ‘ವಲ್ನರಬಲ್’ ಮಾತ್ರ ಎಲ್ಲರಿಗೂ ಗೊತ್ತು. ಚುನಾವಣೆ ಬಂತೆಂದರೆ ಕೆಲವು ಮತಗಟ್ಟೆಗಳು ವಲ್ನರಬಲ್, ಆಫೀಸಿಗೆ ಹೋದರೆ ಕಂಪ್ಯೂಟರ್ ವಲ್ನರಬಲ್. ಇಬ್ಬರೂ ಲ್ಯಾಟಿನ್ನಿನ ‘ವಲ್ನಸ್’ ಮನೆಯವರೇ. ವಲ್ನಸ್ ಅಂದರೆ ಗಾಯ. ಪೆಟ್ಟು ತಿನ್ನುವ ಅಣ್ಣ ಮನೆಮಾತಾದ, ಮದ್ದು ಹಚ್ಚುವ ತಮ್ಮ ನಿಘಂಟು ಸೇರಿದ. ಅನ್ಯಾಯ ಅಲ್ವಾ?

ಹಿಂದೆ ಯುರೋಪಿನಲ್ಲಿ ಗಾಯಕ್ಕೆ ಕಟ್ಟುವ ಗಿಡಗಳನ್ನೆಲ್ಲ ಹೀಗೆ ಕರೆಯುತ್ತಿದ್ದರು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ತನ್ನ ಪುಸ್ತಕದಲ್ಲಿ ಅಲ್ಲಿನ ಹಳದಿ ಹೂವಿನ ಗಿಡವೊಂದಕ್ಕೆ ‘ಆಂಥಿಲಿಸ್ ವಲ್ನರೇರಿಯ’ ಅಂತಲೇ ಹೆಸರಿಟ್ಟ. ಅದೇ ಪುಸ್ತಕದಲ್ಲಿ ನಮ್ಮ ಗಾಯದ ಸೊಪ್ಪೂ ಇದೆ, ‘ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್’ ಅನ್ನುವ ಹೆಸರಿನಲ್ಲಿ. ಪ್ರೊಕಂಬೆನ್ಸ್ ಅಂದರೆ ನೆಲಕ್ಕೆ ಒರಗಿದ್ದು. ಗಾಯದ ಸುದ್ದಿಯೇ ಇಲ್ಲ!

ತುಮಕೂರು ಸೀಮೆಯಲ್ಲಿ ಈ ಸೊಪ್ಪಿಲ್ಲದ ಜಾಗ ಹುಡುಕಬೇಕು. ತೆಂಗಿನ ತೋಟದ ಬದು, ಗುಬ್ಬಿ ರಸ್ತೆಯ ಅಂಚು, ಸ್ಕೂಲ್ ಕಾಂಪೌಂಡು, ಎಲ್ಲ ಕಡೆ ಹಬ್ಬಿರುತ್ತದೆ. ಒರಟು ಎಲೆ, ಉದ್ದ ತೊಟ್ಟು, ತುದಿಯಲ್ಲಿ ಪುಟ್ಟ ಹಳದಿ ಹೂವು, ಸುತ್ತ ನಾಲ್ಕೈದು ಬಿಳಿಚಿಕೊಂಡ ಎಸಳು. ಒಂದೊಂದು ಎಸಳಿನ ತುದಿಗೂ ಮೂರು ಹಲ್ಲು. ‘ಹಿತ್ತಲ ಗಿಡ ಮದ್ದಲ್ಲ’ ಅನ್ನುತ್ತಾರೆ. ಇದಂತೂ ಅಮೆರಿಕದ ಬಿಸಿ ಸೀಮೆಯಿಂದ ಕರೆಯದೆ ಬಂದು ಹಿತ್ತಲು ಸೇರಿದ ಕಳೆ. ಮೂಲಿಕೆ ನೋಡಲು ಜನ ನಾಮದ ಚಿಲುಮೆಗೆ ಹೋಗುತ್ತಾರೆ, ಸಿದ್ಧರಬೆಟ್ಟ ಹತ್ತುತ್ತಾರೆ. ಬಸ್ಸಿಗೆ ಕಾಯುವಾಗ ಇದರ ಮೇಲೇ ನಿಂತಿರುತ್ತಾರೆ.

ರಾಗಿ ಕೊಯ್ಯುವಾಗ ಕುಡ್ಲು ಜಾರಿತೆಂದರೆ ತಾಗುವುದು ಹಿಡಿ ಹಿಡಿದ ಎಡಗೈ ಬೆರಳಿಗೇ. ಆಗ ಪಕ್ಕದ ಸಾಲಿನವರು ಬಗ್ಗಿ ನಾಲ್ಕು ಎಲೆ ಕೀಳುತ್ತಾರೆ. ಅಂಗೈಯಲ್ಲಿ ಹಾಕಿ ಹೆಬ್ಬೆರಳಲ್ಲಿ ತಿಕ್ಕುತ್ತಾರೆ. ಕಡುಹಸಿರು ರಸ ಹಿಂಡಿದ ಕೂಡಲೇ ಚುರ್ರ್ ಅನ್ನುತ್ತದೆ. “ಏನೂ ಆಗಲ್ಲ ಬುಡಮ್ಮ, ಕೈ ಮೇಲೆತ್ತು” ಅನ್ನುತ್ತಾ ಬಟ್ಟೆ ಚೂರು ಸುತ್ತುತ್ತಾರೆ. ಈ ಸೊಪ್ಪಿನ ರಸವನ್ನು ಇಲಿಗಳ ಗಾಯಕ್ಕೆ ಹಚ್ಚಿ ನೋಡಿದ ಪರೀಕ್ಷೆಗಳೂ ನಡೆದಿವೆ. ನಮ್ಮವರು ಇಲಿಗಳಿಗೆ ಕಾಯಲಿಲ್ಲ, ಅಷ್ಟೇ.

ಹಾಗಂತ ಧನುರ್ವಾಯುವಿಗೆ ಇದು ಮದ್ದಲ್ಲ. ಮಣ್ಣು ಮೆತ್ತಿದ ಗಾಯಕ್ಕೆ ಅದನ್ನು ತಡೆಯುವ ಇಂಜೆಕ್ಷನ್ನೇ ಬೇಕು. ಹಸಿರು ಬೆರಳು ಹಿಡಿದು ಆಸ್ಪತ್ರೆಗೆ ಹೋದರೆ ನರ್ಸಮ್ಮ ಮೊದಲು ಅದನ್ನು ತೊಳೆಯುತ್ತಾರೆ. ತೊಳೆಯುತ್ತಾ ಚೆನ್ನಾಗಿ ಬೈಯುತ್ತಾರೆ. ಬೈದಾದ ಮೇಲೆ, “ಯಾವ ಸೊಪ್ಪು, ಅದೇನಾ?” ಅಂತಲೂ ಕೇಳುತ್ತಾರೆ.